ಸುಂಕದವರ ಕಾಲು

ನಮ್ಮ ಮನೆಗೆ ಯಾರೇ ಬರಲಿ, ತಾತ ಮೊದಲು ನೋಡುವುದು ಅವರ ಕೈಯಲ್ಲಿರುವ ಚೀಲವನ್ನು. "ಚೀಲದಲ್ಲಿ ಏನು?" ಎಂದು ಕೇಳಿ, ಉತ್ತರ ಬಂದ ಮೇಲೆಯೇ "ಬನ್ನಿ, ಕೂತ್ಕೊಳಿ." ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಒಮ್ಮೆ ಗೋಕುಲಂನಿಂದ ಬಂದ ನನ್ನ ಗೆಳತಿಯೊಬ್ಬಳು ಹೆದರಿ, ಯೋಗದ ಚಾಪೆ, ನೀರಿನ ಬಾಟಲಿ, ಬಾಚಣಿಗೆ ಎಲ್ಲವನ್ನೂ ಹೊರಗೆ ತೆಗೆದು ಜೋಡಿಸಿಯೇ ಬಿಟ್ಟಳು. ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಬುಡಿ ಮಾವ, ಓದೋ ಮಗು" ಎಂದರು. ತಾತ ಚಾಪೆಯನ್ನು ಬೆರಳಿನಿಂದ ಒತ್ತಿ ನೋಡಿ, "ಸರಿ, ಒಳಗೆ ಹೋಗಬಹುದು" ಎಂದು ದಾರಿ ಬಿಟ್ಟರು.

ಎಂಬತ್ತಮೂರು ವರ್ಷದ ಈ ಮನುಷ್ಯ ಒಂದು ಕಾಲದಲ್ಲಿ ಸುಂಕದ ಗೇಟಿನ ಗುಮಾಸ್ತರು. ಆಗ ಮೈಸೂರಿನೊಳಗೆ ಮಾರಲು ತರುವ ಸರಕಿಗೆ ಊರ ಗಡಿಯಲ್ಲೇ ಸುಂಕ ಕಟ್ಟಬೇಕಿತ್ತು. ನರಸೀಪುರದ ರಸ್ತೆಗೆ ಒಂದು ಅಡ್ಡಗಂಬ, ಪಕ್ಕದಲ್ಲಿ ಹೆಂಚಿನ ಕೋಣೆ, ಕೋಣೆಯ ಮುಂದೆ ಕಲ್ಲಿನ ಜಗಲಿ. ಗಾಡಿ ನಿಲ್ಲಬೇಕು, ತಾತ ನೋಡಬೇಕು, ರಸೀದಿ ಹರಿಯಬೇಕು, ಆಮೇಲೆ ಅಡ್ಡಗಂಬ ಏಳಬೇಕು. ಮುಂದೆ ಸರ್ಕಾರ ಆ ಸುಂಕವನ್ನೇ ತೆಗೆದುಹಾಕಿತು. ತಾತನನ್ನು ಕಚೇರಿಯೊಳಗಿನ ಬೇರೊಂದು ಮೇಜಿಗೆ ಕಳಿಸಿದರು, ಅಲ್ಲಿಂದಲೇ ನಿವೃತ್ತರಾದರು. ಗೇಟು ಹೋಯಿತು, ಕೋಣೆಯೂ ಹೋಯಿತು. ಹೆಸರು ಹೋಗಲಿಲ್ಲ. ಸಿದ್ಧಾರ್ಥನಗರದಲ್ಲಿ ನಮ್ಮದು ಇವತ್ತಿಗೂ 'ಸುಂಕದೋರ ಮನೆ'.

ಈ ಕೆಲಸದ ಮೇಲೆ ಕನ್ನಡದಲ್ಲೊಂದು ಗಾದೆ ಇದೆ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.' ಕಲ್ಲುಮನಸ್ಸಿನವರು ಯಾರೇ ಸಿಕ್ಕಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಹಾಸ್ಟೆಲಿನ ವಾರ್ಡನ್ನಾಗಲಿ, ಜನ ಎಳೆದು ತರುವುದು ನಮ್ಮ ತಾತನನ್ನು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಈ ಗಾದೆ ಕಟ್ಟಿದವರು ಯಾರು? ಗಾಡಿಯ ಮೇಲೆ ಕೂತಿದ್ದವರು. ಜಗಲಿಯ ಮೇಲೆ ಕೂತಿದ್ದವರನ್ನು ಯಾರು ಕೇಳಿದರು? ಒಂದು ಕಡೆಯ ವಾದವನ್ನಷ್ಟೇ ಕೇಳಿ ಬರೆದ ತೀರ್ಪು ಅದು. ಐದು ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ ನನಗೆ ಅಂಥ ತೀರ್ಪನ್ನು ಒಪ್ಪುವ ಅಭ್ಯಾಸವಿಲ್ಲ.

ಗಾದೆಯಾದರೆ ಊರವರೆಲ್ಲರದು. ನಮಗೆ ಇನ್ನೊಂದು ಕಾಟವೂ ಇತ್ತು. ನಾವು ಕಥೋಲಿಕರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಚರ್ಚಿನಲ್ಲಿ ಓದುವ ಬೈಬಲ್ ವಾಚನಗಳಲ್ಲಿ ಸುಂಕದವರು ಬರುತ್ತಾರೆ, ಬಂದಾಗಲೆಲ್ಲ ಪಾಪಿಗಳ ಜೊತೆ ಒಂದೇ ಉಸಿರಿನಲ್ಲಿ ಬರುತ್ತಾರೆ. ನಮಗಿಂತ ಮುಂದಿನ ಸಾಲಿನವರು ಆ ಪದ ಬಂದ ತಕ್ಷಣ ಕೆಮ್ಮುವ ನೆಪದಲ್ಲಿ ಹಿಂದೆ ತಿರುಗಿ ನೋಡುತ್ತಿದ್ದರು. ನನಗೆ ಒಂಬತ್ತು ವರ್ಷವಾಗಿದ್ದಾಗ ಭಾನುವಾರದ ಧರ್ಮಪಾಠದಲ್ಲಿ ಟೀಚರು, "ಪಾಪಿಗಳು ಅಂದ್ರೆ ಯಾರು?" ಎಂದು ಕೇಳಿದರು. "ಸುಂಕದವರು ಮಿಸ್, ಇವಳ ತಾತ" ಎಂದು ಹಿಂದಿನ ಬೆಂಚು ಉತ್ತರಿಸಿತು. ನಾನು ಎದ್ದು ನಿಂತು, "ಅವರು ಯಾಕೆ ಪಾಪಿಗಳು ಮಿಸ್?" ಎಂದೆ.

"ಅವರು ಜನರ ಹತ್ರ ಜಾಸ್ತಿ ಕಿತ್ಕೋತಿದ್ರು ಕಣಮ್ಮ."

"ನಮ್ ತಾತ ರಸೀದಿ ಕೊಡ್ತಿದ್ರು."

ಟೀಚರು ಪುಸ್ತಕದ ಹಾಳೆ ತಿರುವಿದರು. ನನ್ನನ್ನು ಕೂರಿಸಿದರು. ನಾನು ಗೆದ್ದ ಮೊದಲ ಚರ್ಚೆ ಅದು ಎಂದು ಇವತ್ತಿಗೂ ನಂಬಿದ್ದೇನೆ. ನಾನು ಚರ್ಚಿನ ಬಗ್ಗೆ ಪ್ರಶ್ನೆ ಕೇಳಲು ಶುರುಮಾಡಿದ್ದೂ ಅಂದಿನಿಂದಲೇ. ಈಗ ನಾನು ಪೂಜೆಗೆ ಹೋಗುವುದು ತಾತನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬೇಕಲ್ಲ ಎಂದಷ್ಟೇ.

ತಾತನಿಗೆ ಚರ್ಚಿನಲ್ಲಿ ಒಂದೇ ಒಂದು ಆಸೆ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಹನ್ನೆರಡು ಜನರನ್ನು ಪೀಠದ ಮುಂದೆ ಕುರ್ಚಿಗಳಲ್ಲಿ ಕೂರಿಸಿ, ಚರ್ಚಿನ ಗುರುಗಳು, ಅಂದರೆ ಪಾದ್ರಿಗಳು, ಮಂಡಿಯೂರಿ ಅವರ ಕಾಲು ತೊಳೆಯುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ತನ್ನ ಹನ್ನೆರಡು ಶಿಷ್ಯರ ಕಾಲನ್ನು ಗುರುವೇ ತೊಳೆದದ್ದರ ನೆನಪಿಗೆ. ಬಡಾವಣೆಯ ಮನೆಗಳಿಂದ ವರ್ಷವರ್ಷವೂ ಸರದಿಯ ಮೇಲೆ ಆರಿಸುವುದು. ಪಟ್ಟಿ ನಮ್ಮ ಬೀದಿಗೆ ಬರುತ್ತಿತ್ತು, ಪಕ್ಕದ ಮನೆಗೆ ಬರುತ್ತಿತ್ತು, ನಮ್ಮ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ತಾತ ಮೂರನೆಯ ಸಾಲಿನಲ್ಲಿ ಕೂತು ಆ ಹನ್ನೆರಡು ಜನರ ಕಾಲನ್ನೇ ನೋಡುತ್ತಿದ್ದರು. ಈಗ ಅವರ ಮಂಡಿ ಹಿಡಿದುಕೊಂಡಿದೆ. ಪೀಠದ ಎರಡು ಮೆಟ್ಟಿಲು ಹತ್ತುವುದು ಇನ್ನೆಷ್ಟು ವರ್ಷವೋ ಎಂದು ಅಮ್ಮ ಆಗಾಗ ಅನ್ನುತ್ತಿದ್ದರು.

ನಾನು ಆ ವಿಧಿಯನ್ನೂ ಬಿಟ್ಟವಳಲ್ಲ. ಆರಿಸಲ್ಪಟ್ಟವರು ಏನು ಮಾಡುತ್ತಾರೆ ಗೊತ್ತಲ್ಲ? ಬೆಳಿಗ್ಗೆಯಿಂದ ಬಿಸಿನೀರಿನಲ್ಲಿ ಕಾಲು ನೆನೆಹಾಕಿ, ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಪೌಡರು ಹಾಕಿ, ಹೊಸ ಕಾಲುಚೀಲದೊಳಗೆ ಇಟ್ಟುಕೊಂಡು ಬರುತ್ತಾರೆ. "ತೊಳೆದ ಕಾಲನ್ನ ತೊಳೆಯೋಕೆ ಗುರುಗಳು ಯಾಕೆ ಬೇಕು?" ಎಂದು ಹದಿನಾಲ್ಕನೆಯ ವಯಸ್ಸಿನಲ್ಲಿ ಊಟದ ಹೊತ್ತಿಗೆ ಕೇಳಿದ್ದೆ. ಅಪ್ಪ ಎದ್ದು ಕೈ ತೊಳೆಯಲು ಹೋದರು. ಮನೆಯಲ್ಲಿ ವಾದ ಶುರುವಾದರೆ ಅಪ್ಪ ಎದ್ದು ಹೋಗುತ್ತಾರೆ, ಹಾಗಾಗಿ ಈ ಬರಹದಲ್ಲಿ ಅವರು ಇನ್ನು ಬರುವುದಿಲ್ಲ. ತಾತ ಮಾತ್ರ ನನ್ನನ್ನು ನೋಡಿ, "ಹೂಂ" ಎಂದಿದ್ದರು.

ಈ ವರ್ಷ ನಮ್ಮ ಮನೆಗೂ ಕರೆ ಬಂತು. ತಂದವರು ಚರ್ಚಿನ ಸಮಿತಿಯ ಕಾರ್ಯದರ್ಶಿ. ಮಾತಿನಲ್ಲಿ ಚುಚ್ಚುವುದನ್ನು ಸಲಿಗೆ ಎಂದುಕೊಂಡಿರುವ ಮನುಷ್ಯ. ತಾತ ಜಗಲಿಯಲ್ಲಿ ಕೂತು ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಚೀಲದಲ್ಲಿ ಏನು?" ಎಂದರು ತಾತ.

"ನಿಮ್ಮ ಪಾಲಿನ ಸರಕೇ ಸಾರ್" ಎಂದು ಕಾರ್ಯದರ್ಶಿ ಚೀಲದಿಂದ ಒಂದು ರಟ್ಟಿನ ಕಾರ್ಡು ತೆಗೆದರು. ಕತ್ತಿಗೆ ನೇತುಹಾಕಿಕೊಳ್ಳಲು ಕೆಂಪು ದಾರ. "ಗುರುವಾರ ನೀವು ಕೂರಬೇಕು. ಈ ಸಲ ಮಕ್ಕಳಿಗೆ ಅರ್ಥ ಆಗ್ಲಿ ಅಂತ ಒಬ್ಬೊಬ್ಬ ಶಿಷ್ಯರ ಕಸುಬು ಬರೆಸಿದ್ದೀವಿ. ನಿಮಗೆ ಪಾರ್ಟು ಹುಡುಕೋ ಕಷ್ಟಾನೇ ಬರಲಿಲ್ಲ ನೋಡಿ."

ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಸುಂಕದವರು' ಎಂದಿತ್ತು. ಆ ಹನ್ನೆರಡು ಶಿಷ್ಯರಲ್ಲಿ ಒಬ್ಬ ಸುಂಕ ವಸೂಲಿಯವನಾಗಿದ್ದ.

ತಾತ ಹುಣಸೆಯ ಅಂಟು ಕೈಯನ್ನು ಒರೆಸಿಕೊಂಡರು. ಕಾರ್ಡು ಇಸಿದುಕೊಂಡರು, ಓದಿದರು, ದಾರವನ್ನು ಅದಕ್ಕೇ ಸುತ್ತಿ ವಾಪಸು ಕೊಟ್ಟರು. "ಮಂಡಿ ನೋವು ಕಣ್ರೀ. ಬೇರೆ ಯಾರನ್ನಾದ್ರೂ ನೋಡ್ಕೊಳಿ."

ನಾನು ಬಾಗಿಲಲ್ಲೇ ನಿಂತಿದ್ದೆ. ನಲವತ್ತು ವರ್ಷ ಕಾದ ಕುರ್ಚಿಯನ್ನು ಮನುಷ್ಯ ಎರಡು ಮಾತಿನಲ್ಲಿ ಬಿಟ್ಟುಕೊಟ್ಟದ್ದನ್ನು ನೋಡಿದೆ. ಕಾರ್ಯದರ್ಶಿ ಕಾರ್ಡನ್ನು ಕಿಟಕಿಯ ಮೇಲಿಟ್ಟು, "ಯೋಚನೆ ಮಾಡಿ ಸಾರ್, ಭಾನುವಾರ ಹೇಳಿ" ಎಂದು ಹೋದರು.

ನಾನು ಹೂಡಿದ ವಾದ ಅಲ್ಲಿಂದ ಶುರು. ತಾತನಿಗೆ ಆ ಪದದಿಂದ ಅವಮಾನವಾಗಿದೆ, ಆದ್ದರಿಂದ ಪದದ ಮಾನ ಉಳಿಸಿದರೆ ತಾತ ಕೂರುತ್ತಾರೆ ಎಂದು ನನ್ನ ಲೆಕ್ಕ. ಎರಡು ದಿನ ನಿಘಂಟುಗಳನ್ನೂ ಶಾಸನಗಳ ಪುಸ್ತಕಗಳನ್ನೂ ಲೈಬ್ರರಿಯಲ್ಲಿ ತಿರುವಿಹಾಕಿದೆ. ಮೂರನೆಯ ದಿನ ಹುಣಸೆಹಣ್ಣಿನ ಮೊರದ ಎದುರು ಕೂತೆ.

"ತಾತ, ಸುಂಕ ಅನ್ನೋದು ಎಲ್ಲಿಂದ ಬಂತು ಗೊತ್ತಾ?"

"ಗಾಡಿಯಿಂದ" ಎಂದರು ತಾತ.

"ಪದ, ತಾತ. ಸಂಸ್ಕೃತದಲ್ಲಿ ಅದು ಶುಲ್ಕ. ಪ್ರಾಕೃತ ಮಾತಾಡೋರ ಬಾಯಲ್ಲಿ ಸುಂಕ ಆಯ್ತು, ಅಲ್ಲಿಂದ ಕನ್ನಡಕ್ಕೆ. ಸಾವಿರ ವರ್ಷದ ಹಿಂದಿನ ಕಲ್ಲುಗಳಲ್ಲೂ ಇದೆ. ನನ್ನ ಪರೀಕ್ಷಾ ಶುಲ್ಕ ಕಟ್ಟಿಸ್ಕೊಂಡ ಕ್ಲರ್ಕನ್ನ ಯಾರಾದ್ರೂ ಪಾಪಿ ಅಂದಿದಾರಾ? ಎರಡೂ ಒಂದೇ. ಕಾಲೇಜೊಳಗೆ ಕೂತ್ರೆ ಶುಲ್ಕ, ರಸ್ತೇಲಿ ನಿಂತ್ರೆ ಸುಂಕ."

"ಶುಲ್ಕ ಎಲ್ಲಿಂದ ಬಂತು?"

ಇಂಥ ಪ್ರಶ್ನೆಯನ್ನು ತೀರ್ಪುಗಾರರು ಕೇಳಿದ್ದರೆ ನಾನು ನೀರು ಕುಡಿಯುತ್ತಿದ್ದೆ. "ಅದು ನಂಗೂ ಗೊತ್ತಿಲ್ಲ" ಎಂದು ಒಪ್ಪಿಕೊಂಡೆ. "ಬೆಲೆ ಅನ್ನೋ ಅರ್ಥ ಇತ್ತು. ಹೆಣ್ಣಿಗೆ ಗಂಡಿನ ಕಡೆಯೋರು ಕೊಡೋದಕ್ಕೂ ಶುಲ್ಕ ಅಂತಿದ್ರು."

"ನಮ್ಮ ಕಡೆ ಅದಕ್ಕೆ ತೆರ ಅಂತಾರೆ."

"ಅದೇ ಹೇಳ್ತಿರೋದು. ತೆರು ಅಂದ್ರೆ ಕೊಡು. ತೆರಿಗೆ ಬಂದಿದ್ದೂ ಅಲ್ಲಿಂದಲೇ, ತೆರ ಬಂದಿದ್ದೂ ಅಲ್ಲಿಂದಲೇ."

ತಾತನ ಮುಖದಲ್ಲಿ ನಗು ಬಂತು. "ನಿಮ್ಮಜ್ಜಿಗೂ ತೆರ ಕೊಟ್ಟಿದ್ವಿ ಕಣಮ್ಮ, ನಮ್ಮಪ್ಪ ಕೊಟ್ಟಿದ್ದು. ಕೊನೇವರ್ಗೂ ಆಡ್ಕೊಂಡ್ಳು ಅದನ್ನ. ಊರಿಗೆಲ್ಲ ಸುಂಕ ಹಾಕೋನು ನಂಗೆ ಸುಂಕ ಕಟ್ಟಿ ಕರ್ಕೊಂಡು ಬಂದ, ಅಂತ."

ಧೈರ್ಯ ಬಂತು. ಮುಂದುವರಿಸಿದೆ. ಭಾರಿ ಸರಕುಗಳ ಮೇಲಿನ ದೊಡ್ಡ ಸುಂಕಕ್ಕೆ ಹೆಜ್ಜುಂಕ ಎಂಬ ಹೆಸರಿತ್ತು ಎಂದೆ. ಊರಿನ ಸುಂಕದ ಒಂದು ಪಾಲನ್ನು ಕೆರೆಯ ಏರಿಗೆ, ದೇವರ ದೀಪದ ಎಣ್ಣೆಗೆ ಬಿಟ್ಟುಕೊಟ್ಟು ಕಲ್ಲಿನಲ್ಲಿ ಕೆತ್ತಿಸಿದವರಿದ್ದಾರೆ ಎಂದೆ. ಉತ್ತರದ ಕಡೆಯವರು ಇದನ್ನೇ ಜಕಾತಿ ಎನ್ನುತ್ತಾರೆ, ಅದು ಅರಬ್ಬಿಯಿಂದ ಹೊರಟಾಗ ಬಡವರಿಗೆ ಕೊಡುವ ದಾನದ ಹೆಸರು, ಇಲ್ಲಿಗೆ ಬರುವಷ್ಟರಲ್ಲಿ ಗೇಟಿನಲ್ಲಿ ಕೊಡುವುದಾಯಿತು ಎಂದೆ. "ಹೀಗಿರುವಾಗ ಸುಂಕದವರು ಅನ್ನೋದು ಬೈಗುಳ ಹೇಗಾಗುತ್ತೆ? ಸುಂಕ ಇಲ್ದೆ ಯಾವ ರಸ್ತೆ ಆಯ್ತು, ಯಾವ ಕೆರೆ ಉಳೀತು? ಅದನ್ನ ಎದ್ದು ನಿಂತು ಹೇಳೋದು ಬಿಟ್ಟು ಮಂಡಿ ನೋವು ಅಂತೀರಲ್ಲ."

ತಾತ ಒಂದು ಬೀಜವನ್ನೂ ಬಿಡದೆ ತಟ್ಟೆಗೆ ಹಾಕುತ್ತ ಪೂರ್ತಿ ಕೇಳಿದರು. ಗಾದೆ ಏನೇ ಹೇಳಲಿ, ನಮ್ಮ ತಾತನಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವವರನ್ನು ನಾನು ನೋಡಿಲ್ಲ. ಆಮೇಲೆ ಹೇಳಿದರು. "ಪದ ಹೊರಟ ಊರು ಹೇಳ್ದೆ. ಚೆನ್ನಾಗಿ ಹೇಳ್ದೆ. ನಂಗೆ ಆ ಪದದ ಮೇಲೆ ಏನೂ ಕೋಪ ಇಲ್ಲ ಕಣ ಮಗ."

"ಮತ್ತೆ?"

"ಮೊಟ್ಟೆ" ಎಂದರು ತಾತ.

ಗೇಟಿನಲ್ಲಿ ಅವರ ಕೈಗೆ ಒಂದು ಕಬ್ಬಿಣದ ಸರಳು ಕೊಟ್ಟಿದ್ದರಂತೆ, ಮಾರುದ್ದದ್ದು, ತುದಿ ಚೂಪು. ಹುಲ್ಲಿನ ಗಾಡಿ ಬಂದರೆ, ಹೊಟ್ಟಿನ ಮಂಕರಿ ಬಂದರೆ, ಒಳಗೆ ಬೆಲ್ಲವೋ ಹೊಗೆಸೊಪ್ಪೋ ಅಡಗಿದೆಯಾ ಎಂದು ಚುಚ್ಚಿ ನೋಡುವುದಕ್ಕೆ. ಒಂದು ದಿನ ಮೇಲಿನವರು ಬಂದು, ನಿಮ್ಮ ಗೇಟಿನಲ್ಲಿ ಎಲ್ಲ ಸೋರಿಹೋಗುತ್ತಿದೆ ಎಂದು ಎಲ್ಲರೆದುರಿಗೆ ಬೈದಿದ್ದರಂತೆ. ಮಾರನೆಯ ಬೆಳಿಗ್ಗೆ ಬನ್ನೂರು ಕಡೆಯ ಒಬ್ಬ ಹೆಂಗಸು ತಲೆಯ ಮೇಲೆ ಮಂಕರಿ ಹೊತ್ತು ಬಂದಳು. ಮಂಕರಿಯ ತುಂಬ ಭತ್ತದ ಹೊಟ್ಟು.

"ಒಳಗೇನಮ್ಮ, ಅಂದೆ. ಮೊಟ್ಟೆ ಅವೆ ಸ್ವಾಮಿ, ಮಗಳು ಆಸ್ಪತ್ರೇಲಿ ಎತ್ತವಳೆ, ಬಾಣಂತಿಗೆ ಅಂತ ತಂದೆ, ಮಾರಕ್ಕಲ್ಲ ಅಂದ್ಳು. ಮಾರಕ್ಕಲ್ಲ ಅಂದ್ರೆ ಸುಂಕಾನೇ ಇಲ್ಲ, ಬುಟ್ಬುಡಬೋದಿತ್ತು. ದಿನಾ ನೂರು ಜನ ಅಂಗೇ ಹೇಳೋರು ಕಣಮ್ಮ. ಚುಚ್ಚಬೇಡಿ ಅಂದ್ಳು. ಚುಚ್ಚಿದೆ."

ತಾತ ಮೊರದಿಂದ ಇನ್ನೊಂದು ಹುಣಸೆಹಣ್ಣು ಎತ್ತಿಕೊಂಡರು.

"ಸರಳು ಈಚೆಗೆ ಎಳೆದಾಗ ತುದೀಲಿ ಹಳದಿ. ಅವಳು ಅಳಲಿಲ್ಲ, ಬೈಲಿಲ್ಲ. ನಕ್ಕುಬುಟ್ಳು. ಗಾದೆ ಸುಮ್ನೆ ಮಾಡವ್ರಾ ಸ್ವಾಮಿ ಅಂದು, ಮಂಕರಿ ಎತ್ಕೊಂಡು ಹೋದ್ಳು."

"ಎಷ್ಟು ಒಡೆದ್ವು?"

"ಯಾರು ಎಣಿಸಿದ್ರು?"

ಚರ್ಚಾಸ್ಪರ್ಧೆಯಲ್ಲಿ ನಮಗೆ ಮೊದಲು ಕಲಿಸುವುದು, ಎದುರಿನವರು ಹೇಳಿದ್ದಕ್ಕೆ ಉತ್ತರ ಕೊಡು ಎಂದು. ನಾನು ಎರಡು ದಿನ ತಯಾರಾಗಿ ಬಂದು ತಾತ ಹೇಳದೇ ಇದ್ದ ಮಾತಿಗೆ ಉತ್ತರ ಕೊಟ್ಟಿದ್ದೆ. ಗಾದೆ ಏಕಪಕ್ಷೀಯ ಎಂದು ಇಷ್ಟು ವರ್ಷ ಕೂಗಿದವಳು ಆ ಹೆಂಗಸಿನ ಪಕ್ಷವನ್ನು ಕೇಳಿರಲಿಲ್ಲ. ಹಾಗಂತ ಸೋತೆ ಎಂದು ಸುಮ್ಮನಾಗುವ ಸ್ವಭಾವವೂ ನನ್ನದಲ್ಲ. ಆ ಪದವನ್ನು ಕತ್ತಿಗೆ ಕಟ್ಟಿಕೊಂಡು ಜನರೆದುರು ಕೂರುವುದು ಅವರಿಂದ ಆಗುವುದಿಲ್ಲ ತಾನೇ? ಕಾರ್ಡನ್ನೇ ಬದಲಾಯಿಸಿದರಾಯಿತು ಎಂದುಕೊಂಡೆ. ಕುರ್ಚಿ ಮುಖ್ಯ, ಕಾರ್ಡಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಕಾರ್ಯದರ್ಶಿಯನ್ನು ಚರ್ಚಿನ ಆಫೀಸಿನಲ್ಲಿ ಹಿಡಿದೆ. ಮೇಜಿನ ಮೇಲೆ ಉಳಿದ ಹನ್ನೊಂದು ಕಾರ್ಡುಗಳಿದ್ದವು.

"ಬನ್ನಿ ಲಾಯರಮ್ಮ" ಎಂದರು.

"ಒಂದು ಸಲ ಎಲ್ಲ ಓದಬಹುದಾ ಅಂಕಲ್?" ಎಂದು ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿದೆ. ಬೆಸ್ತರು. ಬೆಸ್ತರು. ಬೆಸ್ತರು. ಹನ್ನೊಂದೂ ಬೆಸ್ತರು. "ಬಲೆ ಹಾಕ್ತಿದ್ದೋರು ಅಂತ ವಾಚನದಲ್ಲಿ ಬರೋದು ನಾಲ್ಕು ಜನ. ಮಿಕ್ಕೋರ ಕಸುಬು ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿಲ್ಲ ಕಣಮ್ಮ. ಗೊತ್ತಿಲ್ಲ ಅಂತ ಕಾರ್ಡು ಮಾಡ್ಸಕ್ಕಾಗುತ್ತಾ? ಬೆಸ್ತರು ಅಂದ್ರೆ ಯಾರಿಗೂ ಬೇಜಾರಿಲ್ಲ."

"ಸರಿ. ಗುರುವನ್ನ ಹಿಡಿದುಕೊಟ್ಟೋನೂ ಆ ಹನ್ನೆರಡರಲ್ಲಿ ಒಬ್ಬ. ಅವನ ಕಾರ್ಡು ಎಲ್ಲಿ?"

ಕಾರ್ಯದರ್ಶಿ ಕನ್ನಡಕ ತೆಗೆದರು. "ಅವನನ್ನೂ ಬೆಸ್ತರಿಗೇ ಸೇರಿಸಿದ್ದೀವಿ. ಅವನ ಕಾರ್ಡು ಮಾಡ್ಸಿದ್ರೆ ಯಾರಮ್ಮ ಕೂರ್ತಾರೆ?"

"ಹಿಡಿದುಕೊಟ್ಟೋನಿಗೆ ಬಲೆಯ ಮರೆ. ಸುಂಕದೋನಿಗೆ ಮಾತ್ರ ಬೋರ್ಡು. ಇದು ಯಾವ ನ್ಯಾಯ ಅಂಕಲ್?"

ಆಫೀಸಿನಲ್ಲಿ ಗುರುಗಳೂ ಇದ್ದರು. ಹೋದ ವರ್ಷವಷ್ಟೇ ಬಂದ ಕಿರಿವಯಸ್ಸಿನವರು. ಮುಖವನ್ನು ಫೈಲಿನ ಹಿಂದೆ ಇಟ್ಟುಕೊಂಡು ನಗುತ್ತಿದ್ದರು. ಕಾರ್ಯದರ್ಶಿ ಖಾಲಿ ಕಾರ್ಡೊಂದನ್ನು ಎಳೆದುಕೊಂಡು, "ತಗೊಳ್ಳಮ್ಮ, ಇನ್ನೊಬ್ರು ಬೆಸ್ತರು" ಎಂದು ಬರೆದೇ ಕೊಟ್ಟರು. ಇಷ್ಟು ಸಲೀಸಾದ ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

ಮನೆಗೆ ತಂದು ತಾತನ ಕೈಗಿಟ್ಟೆ. ಆಫೀಸಿನಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ವಿವರಿಸಿದೆ. ಅಮ್ಮ ಖುಷಿಯಿಂದ, "ಕೂತ್ಕೊಳಿ ಮಾವ, ಇನ್ನೇನು ತೊಂದ್ರೆ" ಎಂದರು.

ತಾತ ಕಾರ್ಡನ್ನು ದೂರ ಹಿಡಿದು ಓದಿದರು. "ಬೆಸ್ತ? ನಾನಾ? ಕಾವೇರೀಲಿ ಮೊಣಕಾಲುದ್ದಕ್ಕಿಂತ ಆಚೆ ಇಳಿದೋನಲ್ಲ ನಾನು."

"ಸುಮ್ನೆ ಒಂದು ಕಾರ್ಡು ತಾತ."

"ಸುಮ್ನೆ ಆದ್ರೆ ಬದಲಾಯಿಸಕ್ಕೆ ಯಾಕೆ ಹೋಗಿದ್ದೆ?" ಅವರ ದನಿ ಏರಿದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. "ಅವಳ ಮೊಟ್ಟೆ ಒಡೆದಿದ್ದು ಬೆಸ್ತನಾ? ನಾನು. ಬಿಸಿಲಲ್ಲಿ ನಿಂತು ಗಾಡಿ ಬುಟ್ಟಿದ್ದೂ ನಾನೇ. ರಸೀದಿ ಹರಿದಿದ್ದೂ ನಾನೇ. ನಿಮ್ಮಪ್ಪನ್ನ ಓದಿಸಿದ್ದೂ ಆ ಗೇಟೇ. ಅದನ್ನೆಲ್ಲ ಬಲೆಯೊಳಕ್ಕೆ ಬಚ್ಚಿಟ್ಕೊಂಡು ಹೋಗಿ ಕೂರ್ಲಾ? ಹೊಟ್ಟಿನೊಳಗೆ ಬೆಲ್ಲ ಬಚ್ಚಿಡೋರನ್ನ ಹಿಡಿದೋನಮ್ಮ ನಾನು."

ಅಮ್ಮ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

"ಅದೂ ಅಲ್ದೆ" ಎಂದು ತಾತ ಸ್ವಲ್ಪ ತಣ್ಣಗಾಗಿ ಹೇಳಿದರು, "ಹನ್ನೆರಡು ಜನ ಬೆಸ್ತರು ಕೂತ್ರೆ ಅದರಲ್ಲಿ ಹಿಡಿದುಕೊಟ್ಟೋನು ಯಾರು ಅಂತ ಜನ ಹುಡುಕ್ತಾರೆ. ಮಂಡಿ ನೋವಲ್ಲಿ ಕುಂಟ್ಕೊಂಡು ಬರೋನೇ ಇರಬೇಕು ಅಂದ್ಕೋತಾರೆ. ಹೋಗು, ನನ್ನ ಕಾರ್ಡು ಎಲ್ಲಿದೆ ತಗೊಂಬಾ."

ನನ್ನ ಕಾರ್ಡು, ಎಂದರು. ಅದು ಕಾರ್ಯದರ್ಶಿ ಇಟ್ಟುಹೋದ ಕಿಟಕಿಯ ಮೇಲೇ ಇತ್ತು. ಕೊಟ್ಟೆ. ಬೆಸ್ತರ ಕಾರ್ಡನ್ನು ವಾಪಸು ಮಾಡಲು ಮತ್ತೆ ಆಫೀಸಿಗೆ ಹೋದಾಗ ಕಾರ್ಯದರ್ಶಿ, "ಗೆದ್ದ ಕೇಸನ್ನ ವಾಪಸ್ ತಂದಿದ್ದೀರಲ್ಲ ಲಾಯರಮ್ಮ" ಎಂದರು. ನನ್ನ ಕಕ್ಷಿದಾರರು ನನಗಿಂತ ಬುದ್ಧಿವಂತರು ಎಂದು ಹೇಳಿ ಬಂದೆ.

ಗುರುವಾರ ಮಧ್ಯಾಹ್ನ ಅಮ್ಮ ಬೇಸನ್ನಿನಲ್ಲಿ ಬಿಸಿನೀರು, ಕಲ್ಲುಪ್ಪು, ಹಿಮ್ಮಡಿ ಉಜ್ಜುವ ಕಲ್ಲು, ಕೊಬ್ಬರಿ ಎಣ್ಣೆ ಎಲ್ಲ ಜೋಡಿಸಿ ಕರೆದರು. ತಾತ ಬೇಸನ್ನಿನ ಪಕ್ಕದಲ್ಲೇ ನಡೆದು ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಸ್ಕೂಟರಿನ ಹತ್ತಿರ ನಿಂತರು. ಬಿಳಿ ಪಂಚೆ, ಬಿಳಿ ಅಂಗಿ, ಕತ್ತಿನಲ್ಲಿ ಆಗಲೇ ಕಾರ್ಡು.

"ಗೇಟಿನ ಹತ್ರ ಬಿಡು" ಎಂದರು.

ಗೇಟೆಂದರೆ ಯಾವುದು ಎಂದು ಕೇಳಬೇಕಾಗಿರಲಿಲ್ಲ. ಈಗ ಅಲ್ಲಿ ಒಂದು ಕಡೆ ಎಳನೀರಿನ ಗಾಡಿ, ಇನ್ನೊಂದು ಕಡೆ ಟೈರಿನ ಅಂಗಡಿ. ತಾತ ಇಳಿದು, ಜಗಲಿ ಇದ್ದಿರಬಹುದಾದ ಜಾಗವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ರಸ್ತೆಯ ಅಂಚಿನ ಕೆಂಪು ಮಣ್ಣಿನಲ್ಲಿ ಚರ್ಚಿನ ಕಡೆ ನಡೆಯತೊಡಗಿದರು. ಟಾರು ಹಾಕಿದ ಕಡೆಯೂ ಟಾರಿನ ಮೇಲೆ ಕಾಲಿಡಲಿಲ್ಲ.

"ತಾತ, ಮಂಡಿ."

"ನಡೀತಿರೋದು ನಾನು, ನೀನಲ್ಲ."

"ಅಮ್ಮ ನೀರು ಕಾಯಿಸಿದ್ರು."

"ತೊಳೆದ ಕಾಲನ್ನ ತೊಳೆಯೋಕೆ ಗುರುಗಳು ಯಾಕೆ ಬೇಕು ಅಂತ ಕೇಳಿದ್ದು ಯಾರು?"

ನನ್ನದೇ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ. ಒಂಬತ್ತು ವರ್ಷ ಇಟ್ಟುಕೊಂಡಿದ್ದರು. ಅರ್ಧ ಮೈಲಿಯಷ್ಟು ದೂರ ನಾನು ಸ್ಕೂಟರನ್ನು ನಡೆಯುವ ವೇಗದಲ್ಲಿ ಓಡಿಸುತ್ತ ಹಿಂದೆ ಹೋದೆ. ಹಿಡಿಕೆಗೆ ಚಪ್ಪಲಿ ನೇತಾಡುತ್ತಿತ್ತು. ಮೂರು ಸಲ ನಿಂತು ಕಾಂಪೌಂಡು ಗೋಡೆಗಳನ್ನು ಹಿಡಿದುಕೊಂಡು ಸುಧಾರಿಸಿಕೊಂಡರು. ಸ್ಕೂಟರು ಹತ್ತಿ ಎಂದು ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಹೇಳಲಿಲ್ಲ.

ಪೀಠದ ಮುಂದೆ ಹನ್ನೆರಡು ಕುರ್ಚಿ. ಹನ್ನೊಂದು ಜನ ಬೆಸ್ತರು ಬೂಟು ಬಿಚ್ಚಿ, ಬಲಗಾಲಿನ ಕಾಲುಚೀಲ ಕಳಚಿ ಮಡಿಚಿಟ್ಟುಕೊಂಡು ಕೂತರು. ನಮ್ಮಲ್ಲಿ ಬಲಗಾಲನ್ನು ಮಾತ್ರ ತೊಳೆಯುವುದು ರೂಢಿ. ಮೂರನೆಯ ಸಾಲಿಗೂ ಪೌಡರಿನ ವಾಸನೆ ಬರುತ್ತಿತ್ತು. ಹನ್ನೆರಡನೆಯ ಕುರ್ಚಿಯಲ್ಲಿ ತಾತ. ಕಣಕಾಲಿನವರೆಗೆ ಕೆಂಪು ಧೂಳು, ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು, ಒಂದು ಬೆರಳಿಗೆ ಅಂಟಿದ ಒಣಗಿದ ಎಲೆ.

ಗುರುಗಳು ಸಾಲಾಗಿ ಬಂದರು. ಕಾರ್ಯದರ್ಶಿ ಬೇಸನ್ನು, ನೀರಿನ ಹೂಜಿ ಹಿಡಿದು ಜೊತೆಯಲ್ಲಿದ್ದರು. ಒಬ್ಬೊಬ್ಬರಿಗೂ ಒಂದು ಹನಿಯಷ್ಟು ನೀರು, ಟವಲಿನ ಒಂದು ಒತ್ತು, ಮುಂದೆ. ಬಿಳಿ ಟವಲು ಹನ್ನೊಂದು ಕಾಲು ಒರೆಸಿದ ಮೇಲೂ ಬಿಳಿಯಾಗಿಯೇ ಇತ್ತು. ಗುರುಗಳು ತಾತನ ಮುಂದೆ ಮಂಡಿಯೂರಿದರು. ಮೇಲೆ ನೋಡಿದರು. ಕಾರ್ಡು ಓದಿದರು. ತಾತ ಎರಡೂ ಕಾಲನ್ನು ಮುಂದಿಟ್ಟರು.

ಹೂಜಿಯಲ್ಲಿದ್ದದ್ದೆಲ್ಲ ಸುರಿದರೂ ಒಂದು ಕಾಲಿನ ಅರ್ಧವೂ ಆಗಲಿಲ್ಲ. ಬೇಸನ್ನಿನ ನೀರು ಕದಡಿ ಕೆಂಪಾಯಿತು. ಗುರುಗಳು ಕಾರ್ಯದರ್ಶಿಯ ಕಡೆ ತಿರುಗಿ ಮೆಲ್ಲಗೆ, "ಇನ್ನೂ ನೀರು ತಗೊಂಡು ಬನ್ನಿ" ಎಂದರು. ಕಾರ್ಯದರ್ಶಿ ಇಡೀ ಸಭೆಯ ನಡುವಿನ ದಾರಿಯಲ್ಲಿ ಹೂಜಿ ಹಿಡಿದು ಹೊರಗಿನ ನಲ್ಲಿಗೆ ಹೋಗಿ ಬಂದರು. ಸಾಲದೆ ಮತ್ತೊಂದು ಸಲ ಹೋದರು. ಗಾಯನದವರು ಹಾಡು ಮುಗಿದು ಮೊದಲಿನಿಂದ ಶುರುಮಾಡಿದರು. ಗುರುಗಳು ತೋಳು ಮೇಲೆ ಸರಿಸಿಕೊಂಡು ಹಿಮ್ಮಡಿಯ ಬಿರುಕುಗಳನ್ನು ಹೆಬ್ಬೆರಳಿನಿಂದ ಉಜ್ಜಿದರು. ಟವಲು ಕೆಂಪಾಯಿತು. ಯಾರೂ ಕೆಮ್ಮಲಿಲ್ಲ. ದೇವರ ವಿಷಯದಲ್ಲಿ ನನ್ನ ಪ್ರಶ್ನೆಗಳು ಒಂದೂ ಕಡಿಮೆಯಾಗಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಅವತ್ತು ಅಲ್ಲಿ ಒಬ್ಬ ಮನುಷ್ಯನ ಕಾಲು ತೊಳೆದರು, ಅದನ್ನು ನಾನು ಕಣ್ಣಾರೆ ನೋಡಿದೆ.

ಪೂಜೆ ಮುಗಿದ ಮೇಲೆ ಹನ್ನೆರಡು ಜನರಿಗೂ ಒಂದೊಂದು ರೊಟ್ಟಿ ಕೊಟ್ಟು, ಕಾರ್ಡುಗಳನ್ನು ವಾಪಸು ಕೇಳಿದರು. ಮುಂದಿನ ವರ್ಷಕ್ಕೆ ಬೇಕಂತೆ. ಹನ್ನೊಂದು ಕಾರ್ಡು ವಾಪಸಾದವು. "ಇದು ನಂದು" ಎಂದು ತಾತ ಕೊಡಲಿಲ್ಲ.

ನಾನು ಸ್ಕೂಟರು ತರುವವರೆಗೆ ಅವರು ಚರ್ಚಿನ ಗೇಟಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಆಗಲೇ ಕಾರ್ಯದರ್ಶಿ ಒಂದು ಉಬ್ಬಿದ ಬಟ್ಟೆಚೀಲ ಹೊತ್ತುಕೊಂಡು ಹೊರಗೆ ಬಂದರು. ತಾತನ ಕೈ ತಾನಾಗಿ ಅಡ್ಡ ಬಂತು.

"ಚೀಲದಲ್ಲಿ ಏನು?"

ಕಾರ್ಯದರ್ಶಿ ನಿಂತರು. ಎರಡು ಸಲ ನಲ್ಲಿಗೆ ಹೋಗಿ ಬಂದ ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಈ ಸಲ ಚುಚ್ಚದೆ ಚೀಲವನ್ನು ಮುಂದೆ ಹಿಡಿದರು. "ಉಳಿದ ರೊಟ್ಟಿ ಸಾರ್. ಆಶ್ರಮದ ಮುದುಕ್ರಿಗೆ ಕೊಡೋಣ ಅಂತ."

ತಾತನ ತೋರುಬೆರಳು ಚೀಲದ ಕಡೆ ಅರ್ಧದವರೆಗೆ ಹೋಯಿತು. ಅಲ್ಲೇ ನಿಂತಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಾರ್ಡಿನ ಮೇಲಿಟ್ಟುಕೊಂಡರು.

"ನೀವು ಹೇಳಿದ್ರಲ್ಲ, ಸಾಕು. ಹೋಗಿ" ಎಂದು ದಾರಿ ಬಿಟ್ಟರು.